ಮೊರ್ಯರ ಗುಡ್ಡದ ಕಲ್ಲುಮನೆಗಳು

ಮೊನ್ನೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬರು ಪುಣೆಯಿಂದ ದೂರವಾಣಿ ಮಾಡಿದ್ದರು. ಮಗಳ ಪಠ್ಯಪುಸ್ತಕದಲ್ಲಿ ಬೃಹತ್ ಶಿಲಾಯುಗದ ಸಮಾಧಿಗಳ ಪ್ರಸ್ತಾಪ ಬಂದಿದೆಯಂತೆ. "ಸರ, ನಾವು ಒಂಬತ್ತನೇತ್ತೆ ಇದ್ದಾಗ ನಮ್ಮನ್ನ ಗುಡ್ಡಕ್ಕ ಕರಕೊಂಡು ಹೋಗಿದ್ರೆಲ್ರೀ, ಅದ ಏನ್ರಿ ಇದು?" ಎಂದು ಕೇಳಿದರು. ಹೌದಮ್ಮಾ, ಅದೇ ಎಂದೆ. ಆ ಕ್ಷಣಕ್ಕೆ ಅಷ್ಟೇ ಹೇಳಲು ಸಾಧ್ಯವಾಯಿತು. ಆದರೆ ಆ ಗುಡ್ಡದ ಬಗ್ಗೆ ನಾನು ಹೇಳಬೇಕಾದ, ಹೇಳದೆ ಉಳಿಸಿಕೊಂಡ ಸಂಗತಿಗಳು ಅನೇಕ ಇವೆ. ಅವುಗಳಲ್ಲಿ ಒಂದು ನನ್ನ ತಪ್ಪಿಗೇ ಸಂಬಂಧಿಸಿದ್ದು. ಅದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಗಂಗಾವತಿಯಿಂದ ಪಶ್ಚಿಮಕ್ಕೆ ಸುಮಾರು ಹತ್ತು ಕಿಲೋಮೀಟರು ಹೋದರೆ ಹಿರೇಬೆಣಕಲ್ ಎಂಬ ಗ್ರಾಮ ಸಿಗುತ್ತದೆ. ನಾನು ಹೇಳುತ್ತಿರುವ ಕಾಲಕ್ಕೆ ಅದು ರಾಯಚೂರು ಜಿಲ್ಲೆಯಲ್ಲಿತ್ತು. 1997ರಲ್ಲಿ ಕೊಪ್ಪಳ ಪ್ರತ್ಯೇಕ ಜಿಲ್ಲೆಯಾದ ಮೇಲೆ ಅದರ ಪಾಲಿಗೆ ಬಂದಿತು. ಊರ ಬೆನ್ನಿಗೆ ಬೆಟ್ಟಗಳ ಸಾಲು. ತುಂಗಭದ್ರೆಯ ಈ ಸೀಮೆಯ ಬೆಟ್ಟಗಳನ್ನು ನೋಡಿದವರಿಗೆ ಅವುಗಳ ಸ್ವರೂಪವನ್ನು ವಿವರಿಸಬೇಕಾಗಿಲ್ಲ. ಯಾರೋ ದೈತ್ಯರು ಕಲ್ಲುಗುಂಡುಗಳನ್ನು ಹೇರಿಕೊಂಡು ಹೋಗುತ್ತ ದಾರಿಯಲ್ಲಿ ಸುರಿದು ಹೋದಂತೆ ಕಾಣುತ್ತವೆ. ಗುಡ್ಡಕ್ಕೆ ವಾಹನದ ಹಾದಿಯಿಲ್ಲ. ಕುರಿಗಳು ಸವೆಸಿದ ಕಾಲುದಾರಿಯಲ್ಲಿ, ಕಾರೆ ಮುಳ್ಳಿನ ಕಂಟಿಗಳ ನಡುವೆ, ಬಂಡೆಯಿಂದ ಬಂಡೆಗೆ ಏರುತ್ತ ಹೋಗಬೇಕು. ನಡುವೆ ಕಲ್ಲಾಸರೆಗಳಲ್ಲಿ ಕೆಮ್ಮಣ್ಣಿನಿಂದ ಬರೆದ ಚಿತ್ರಗಳಿವೆ. ಜಿಂಕೆ, ನವಿಲು, ಕುದುರೆ, ಆಯುಧ ಹಿಡಿದವರು, ಕೈ ಕೈ ಹಿಡಿದು ಕುಣಿಯುವವರು. ಇನ್ನೂ ಮೇಲೇರಿದರೆ ಬೆಟ್ಟದ ನೆತ್ತಿಯಲ್ಲಿ ಹಾಸುಬಂಡೆಯ ಬಯಲು ತೆರೆದುಕೊಳ್ಳುತ್ತದೆ. ಅಲ್ಲಿ, ಓಣಿಯಲ್ಲಿ ಮನೆಗಳು ನಿಂತ ಹಾಗೆ, ಕಲ್ಲುಮನೆಗಳು ನಿಂತಿವೆ.

ನಾಲ್ಕು ಕಡೆ ನಾಲ್ಕು ಕಲ್ಲುಚಪ್ಪಡಿ, ಮೇಲೊಂದು ಚಪ್ಪಡಿಯ ಮಾಳಿಗೆ. ಕೆಲವು ಮಂಡಿಯೆತ್ತರ, ಕೆಲವು ಎದೆಯೆತ್ತರ, ದೊಡ್ಡವು ಆಳು ಮೀರಿದ ಎತ್ತರ. ಅನೇಕವುಗಳ ಒಂದು ಗೋಡೆಯಲ್ಲಿ ಅಚ್ಚುಕಟ್ಟಾಗಿ ಕೊರೆದ ದುಂಡನೆಯ ಕಿಂಡಿ. ಇಂಥವೂ, ಬಂಡೆಗಳ ಸಂದಿಯನ್ನೇ ಕೋಣೆಯಾಗಿ ಮಾಡಿಕೊಂಡವೂ ಎಲ್ಲ ಸೇರಿ ಸುಮಾರು ನಾನೂರು ಇವೆಯೆಂದು ವಿದ್ವಾಂಸರು ಎಣಿಸಿದ್ದಾರೆ. ಇಡೀ ದಕ್ಷಿಣ ಭಾರತದಲ್ಲಿ ಒಂದೇ ಕಡೆ ಇಷ್ಟು ದೊಡ್ಡ ಪ್ರಮಾಣದಲ್ಲಿ, ಇಷ್ಟು ಸುಸ್ಥಿತಿಯಲ್ಲಿ ಉಳಿದ ಇಂಥ ನೆಲೆಗಳು ಬಹಳ ವಿರಳ. ಪಕ್ಕದಲ್ಲೇ ಎತ್ತರದ ಬಂಡೆಯ ಮೇಲೆ ನಗಾರಿಯ ಆಕಾರದ ಬೃಹತ್ ಕಲ್ಲೊಂದು ಕುಳಿತಿದೆ. ಕಲ್ಲಿನಿಂದ ಹೊಡೆದರೆ ಗಂಟೆಯಂತೆ ದನಿಗೊಡುತ್ತದೆ, ದೂರದವರೆಗೂ ಕೇಳಿಸುತ್ತದೆ. ಮಧ್ಯದಲ್ಲಿ ಒಂದು ನೀರಿನ ಹೊಂಡ. ಚಪ್ಪಡಿಗಳನ್ನು ಎಬ್ಬಿಸಿದ ಕಲ್ಲುಗಣಿಯೇ ನೀರು ನಿಂತು ಹೊಂಡವಾಯಿತೆಂದು ತಿಳಿದವರು ಹೇಳುತ್ತಾರೆ.

ಊರವರು ಇದಕ್ಕೆ ಮೊರ್ಯರ ಗುಡ್ಡ ಎನ್ನುತ್ತಾರೆ. ಕಲ್ಲುಗೋರಿಗಳಿಗೆ ಮೊರ್ಯರ ಮನೆ ಎಂದು ಹೆಸರು. ಮೊರ್ಯರೆಂದರೆ ಯಾರು? 1989ರ ಡಿಸೆಂಬರಿನಲ್ಲಿ ನಾವು ಹೋದಾಗ ಗುಡ್ಡದ ಬುಡದಲ್ಲಿ ಕುರಿ ಮೇಯಿಸುತ್ತಿದ್ದ ಅಜ್ಜನೊಬ್ಬರು ಮಕ್ಕಳನ್ನೆಲ್ಲ ಸುತ್ತ ಕೂಡಿಸಿಕೊಂಡು ಹೇಳಿದ ಕಥೆ ಇದು. ಬಹಳ ಹಿಂದೆ ಮೊಳದೆತ್ತರದ ಮನುಷ್ಯರಿದ್ದರಂತೆ. ಆಳು ಸಣ್ಣ, ಶಕ್ತಿ ಆನೆಯದು. ಮುಂದೆ ಬೆಂಕಿಯ ಮಳೆ ಬರುತ್ತದೆಂದು ಅವರಿಗೆ ತಿಳಿದುಹೋಯಿತಂತೆ. ಗುಡಿಸಲು ಸುಟ್ಟುಹೋಗುತ್ತದೆ, ಕಲ್ಲು ಸುಡುವುದಿಲ್ಲ. ಆದ್ದರಿಂದ ಕಲ್ಲುಮನೆ ಕಟ್ಟಿ ಒಳಗೆ ಸೇರಿಕೊಂಡರು. ಬೆಂಕಿ ಮಳೆ ಬಂತು, ಕಲ್ಲು ಕಾಯಿತು, ಒಳಗಿದ್ದವರು ಒಳಗೇ ತೀರಿಕೊಂಡರು. "ಅದಕ್ಕ ರಾತ್ರಿ ಅಲ್ಲಿ ಉಳೀಬಾರದ್ರಪ್ಪ, ಒಂದು ಕಲ್ಲು ಸೈತ ಕದಲಿಸಬಾರದು" ಎಂದು ಅಜ್ಜ ಮುಗಿಸಿದರು.

ಆಗ ನಾನು ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿ ಕೆಲವೇ ವರ್ಷಗಳಾಗಿದ್ದವು. ಕಥೆಯನ್ನು ಕೇಳಿ ಮುಗುಳ್ನಕ್ಕೆ. ಈಗ ಯೋಚಿಸಿದರೆ ಆ ಅಜ್ಜನ ಕಥೆಯಲ್ಲಿ ಒಂದು ಶುದ್ಧವಾದ ತರ್ಕವಿದೆಯೆನಿಸುತ್ತದೆ. ಕಿಂಡಿ ಸಣ್ಣದು, ಆದ್ದರಿಂದ ಹೊಕ್ಕವರು ಕುಳ್ಳರು. ಕಲ್ಲು ಭಾರ, ಆದ್ದರಿಂದ ಕಟ್ಟಿದವರು ಬಲಿಷ್ಠರು. ಮರ ಬಿಟ್ಟು ಕಲ್ಲನ್ನೇಕೆ ಬಳಸಿದರು? ಬೆಂಕಿಗೆ ಹೆದರಿ. ಒಳಗೆ ಎಲುಬೇಕೆ ಸಿಗುತ್ತದೆ? ಒಳಗೇ ಸತ್ತರು. ಕಣ್ಣಿಗೆ ಕಂಡ ನಾಲ್ಕು ಸಂಗತಿಗಳಿಗೆ ನಾಲ್ಕು ಕಾರಣಗಳನ್ನು ಹೊಂದಿಸಿದ ವಿವರಣೆ ಅದು. ನಮ್ಮ ನಾಡಿನಲ್ಲಿ ಪ್ರಾಚೀನ ಅವಶೇಷಗಳಿಗೆಲ್ಲ ಇಂಥ ವಿವರಣೆಗಳುಂಟು. ಕೊಡಗಿನಲ್ಲಿ ಇಂಥವೇ ಗೋರಿಗಳಿಗೆ ಪಾಂಡವರ ಪಾರೆ ಎನ್ನುತ್ತಾರೆ. ಹಂಪಿಯ ಬಳಿ ನಿಂಬಾಪುರದ ಬೂದಿದಿಬ್ಬವನ್ನು ವಾಲಿಯನ್ನು ಸುಟ್ಟ ಬೂದಿಯೆಂದು ತೋರಿಸುತ್ತಾರೆ. ಅಂಥ ಬೂದಿದಿಬ್ಬಗಳು ನವಶಿಲಾಯುಗದ ದನಗಾಹಿಗಳ ಸಗಣಿರಾಶಿ ಸುಟ್ಟು ಆದವೆಂಬುದನ್ನು ಆಲ್ಚಿನ್ ಎಂಬ ವಿದ್ವಾಂಸರು ಉತ್ನೂರಿನ ಉತ್ಖನನದಿಂದ ತೋರಿಸಿಕೊಟ್ಟರು.

ಅಂದು ನಾವು ನಲವತ್ತೊಂದು ಮಕ್ಕಳು, ಇಬ್ಬರು ಶಿಕ್ಷಕರು ಹೋಗಿದ್ದೆವು. ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಮೊಸರಿನ ಬುತ್ತಿ. ಮೇಲೆ ಹೋದವರೇ ಹುಡುಗರೆಲ್ಲ ಕಿಂಡಿಗಳಲ್ಲಿ ತಲೆ ತೂರಿಸತೊಡಗಿದರು. ನಾನು ಹೊಂಡದ ಬಳಿಯ ಒಂದು ದೊಡ್ಡ ಕಲ್ಲುಮನೆಯ ಮುಂದೆ ನಿಂತು ಪಾಠ ಮಾಡಲು ಸಿದ್ಧನಾಗುತ್ತಿದ್ದೆ. ಅಷ್ಟರಲ್ಲಿ ಕುರುಬರ ಓಣಿಯ ಒಬ್ಬ ಹುಡುಗ, ತರಗತಿಯಲ್ಲಿ ಎಂದೂ ಬಾಯಿ ತೆರೆಯದವನು, ಕಿಂಡಿಯಿಂದ ತಲೆ ಹೊರಗೆ ತೆಗೆದು ಕೇಳಿದ: "ಸರ, ಮನಿ ಅಂದಮ್ಯಾಲೆ ಒಲಿ ಇರಬೇಕಲ್ರೀ? ಇಲ್ಲಿ ಮಸಿ ಸೈತ ಇಲ್ಲ."

ಅಧ್ಯಾಪಕ ವೃತ್ತಿಯಲ್ಲಿ ನಾನು ಕೇಳಿದ ಅತ್ಯುತ್ತಮ ಪ್ರಶ್ನೆಗಳಲ್ಲಿ ಅದೂ ಒಂದು. ಮನೆಯೆಂದರೆ ಒಲೆ ಇರಬೇಕು, ಬಾಗಿಲು ಇರಬೇಕು, ಬೀಸುವ ಕಲ್ಲಿರಬೇಕು, ಒಡೆದ ಗಡಿಗೆಯ ಚೂರುಗಳ ತಿಪ್ಪೆ ಇರಬೇಕು. ಇದಾವುದೂ ಇಲ್ಲದ ಮನೆ ಬದುಕಿದವರದ್ದಲ್ಲ. ವಿದ್ವಾಂಸರೂ ಮಣ್ಣು ಅಗೆದು ಈ ತೀರ್ಮಾನಕ್ಕೇ ಬಂದರು.

ಭಾರತದ ಇಂಥ ಗೋರಿಗಳ ಬಗ್ಗೆ ಅಚ್ಚಾದ ಮೊದಲ ಬರಹ ಮಲಬಾರಿನದು. 1823ರಲ್ಲಿ ಬ್ಯಾಬಿಂಗ್ಟನ್ ಎಂಬವರು ಅಲ್ಲಿಯ 'ಪಾಂಡುಕುಳಿ'ಗಳನ್ನು ವಿವರಿಸಿದರು. ನಮ್ಮ ಸೀಮೆಗೆ ಸಂಬಂಧಿಸಿದಂತೆ ನೆನೆಯಬೇಕಾದವರು ಫಿಲಿಪ್ ಮೆಡೋಸ್ ಟೇಲರ್. ಸುರಪುರ ಸಂಸ್ಥಾನದಲ್ಲಿ ಬಾಲಕ ರಾಜ ವೆಂಕಟಪ್ಪ ನಾಯಕನ ಕಾಲದಲ್ಲಿ ಆಡಳಿತ ನೋಡಿಕೊಂಡವರು. ಠಕ್ಕರ ಬಗ್ಗೆ 1839ರಲ್ಲಿ ಕಾದಂಬರಿ ಬರೆದು ಇಂಗ್ಲೆಂಡಿನಲ್ಲಿ ಹೆಸರಾದವರೂ ಅವರೇ. ರಾಜನಕೋಳೂರು, ಜೇವರ್ಗಿ ಮೊದಲಾದೆಡೆ ಅವರು ಕಲ್ಲುಗೋರಿ, ಕಲ್ಗುಪ್ಪೆಗಳನ್ನು ಹುಡುಕಿ, ಕೆಲವನ್ನು ಅಗೆಸಿ, 1850ರ ದಶಕದ ಆರಂಭದಲ್ಲಿ ಲೇಖನಗಳನ್ನು ಪ್ರಕಟಿಸಿದರು. ಅಗೆದ ಗುಂಡಿಯ ಪದರಗಳನ್ನು ಇದ್ದದ್ದು ಇದ್ದಂತೆ ಚಿತ್ರ ಬರೆದಿಟ್ಟದ್ದು ಅವರ ಹೆಗ್ಗಳಿಕೆ. ಆ ಕಾಲದಲ್ಲಿ ಬೇರೆಯವರು ಮಡಕೆ, ಕತ್ತಿ ಎತ್ತಿಕೊಂಡು ಮಣ್ಣು ಎಸೆಯುತ್ತಿದ್ದರು. ಆದರೆ ಟೇಲರರಿಗೂ ಒಂದು ಕಥೆ ಇತ್ತು. ತಮ್ಮ ದೇಶದಲ್ಲಿಯೂ ಇಂಥವೇ ಕಲ್ಲುಮನೆಗಳಿರುವುದನ್ನು ಬಲ್ಲ ಅವರು, ಯೂರೋಪಿನ ಡ್ರೂಯಿಡರ, ಮಧ್ಯ ಏಷ್ಯಾದ ಸಿಥಿಯನರ ಬಳಗದವರೇ ಇಲ್ಲಿಗೂ ಬಂದಿರಬೇಕೆಂದು ನಂಬಿದರು. ಅದು ನಿಲ್ಲಲಿಲ್ಲ. ಯೂರೋಪಿನ ಗೋರಿಗಳು ನಮ್ಮವಕ್ಕಿಂತ ಸಾವಿರಾರು ವರ್ಷ ಹಳೆಯವೆಂದೂ, ಅವು ಲೋಹ ಕಾಣದ ಕಾಲದವೆಂದೂ, ನಮ್ಮವು ಕಬ್ಬಿಣದ ಕಾಲದವೆಂದೂ ಆಮೇಲೆ ಸ್ಪಷ್ಟವಾಯಿತು. ದೂರದೂರದ ಜನ ಒಬ್ಬರನ್ನೊಬ್ಬರು ಕಾಣದೆಯೂ ಸತ್ತವರಿಗೆ ಒಂದೇ ಬಗೆಯ ಮನೆ ಕಟ್ಟಬಲ್ಲರು. ಕುರಿಗಾಹಿ ಅಜ್ಜ ಕುಳ್ಳರನ್ನು ಕಲ್ಪಿಸಿದರು, ಟೇಲರ್ ಸಾಹೇಬರು ಡ್ರೂಯಿಡರನ್ನು ಕಲ್ಪಿಸಿದರು. ನಾನು ನಕ್ಕದ್ದು ಮಾತ್ರ ಅಜ್ಜನ ಕಥೆಗೆ. ಇದು ನಮ್ಮ ವಿದ್ಯಾಭ್ಯಾಸದ ದೋಷ.

ಹಿರೇಬೆಣಕಲ್ಲನ್ನು ನಿಜಾಮರ ಕಾಲದಲ್ಲಿ, 1930ರ ದಶಕದಲ್ಲಿ, ಲಿಯೊನಾರ್ಡ್ ಮನ್ ಎಂಬ ಭೂವಿಜ್ಞಾನಿ ಗಮನಿಸಿ ಬರೆದರು. ಆದರೆ ಕಾಲನಿರ್ಣಯದ ಬೀಗ ತೆರೆದದ್ದು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ. ಅಲ್ಲಿ 1940ರಲ್ಲಿ ಮೈಸೂರಿನ ಡಾ. ಎಂ.ಎಚ್. ಕೃಷ್ಣ ಅವರು ಉತ್ಖನನ ಮಾಡಿದ್ದರು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಮತ್ತೆ ಅಗೆಸಿದರು. ಕೆಳಗೆ ನಯಮಾಡಿದ ಕಲ್ಲುಕೊಡಲಿಯ ಜನ, ಅದರ ಮೇಲೆ ಈ ಕಲ್ಲುಗೋರಿಗಳ ಜನ, ಅದರ ಮೇಲೆ ಶಾತವಾಹನರ ಕಾಲದ ಜನ ಎಂಬ ಅನುಕ್ರಮ ಅಲ್ಲಿ ಪದರ ಪದರವಾಗಿ ಸಿಕ್ಕಿತು. ಗೋರಿಯ ಜನರ ಗುರುತು ಎರಡು: ಕಬ್ಬಿಣ, ಮತ್ತು ಒಳಗೆ ಕಪ್ಪು ಹೊರಗೆ ಕೆಂಪು ಇರುವ ಮಡಕೆ. ಆವಿಗೆಯಲ್ಲಿ ಮಡಕೆಯನ್ನು ಬೋರಲು ಹಾಕಿ ಸುಟ್ಟರೆ ಗಾಳಿಯಾಡದ ಒಳಮೈ ಕಪ್ಪಾಗುತ್ತದೆ, ಗಾಳಿ ತಾಗಿದ ಹೊರಮೈ ಕೆಂಪಾಗುತ್ತದೆ.

ಅನಂತರ ಕನ್ನಡ ನಾಡಿನ ಗೋರಿಗಳನ್ನು ಊರೂರು ತಿರುಗಿ ಅಧ್ಯಯನ ಮಾಡಿದವರು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಡಾ. ಅ. ಸುಂದರ ಅವರು. ದಕ್ಷಿಣ ಭಾರತದ ಕೋಣೆಗೋರಿಗಳ ಬಗ್ಗೆ ಅವರು 1975ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಗ್ರಂಥ ಇಂದಿಗೂ ಆಧಾರಗ್ರಂಥ. ಹಿರೇಬೆಣಕಲ್ಲಿನ ಗೋರಿಗಳನ್ನು ಸಾಮಾನ್ಯವಾಗಿ ಕ್ರಿ.ಪೂ. 800ರಿಂದ ಕ್ರಿ.ಪೂ. 200ರ ನಡುವೆ ಇಡುತ್ತಾರೆ. ಕಬ್ಬಿಣದ ಪ್ರಾಚೀನತೆಯ ಬಗ್ಗೆಯಂತೂ ಈಗ ಮತ್ತೆ ಚರ್ಚೆ ಎದ್ದಿದೆ. 2025ರ ಜನವರಿಯಲ್ಲಿ ತಮಿಳುನಾಡು ಸರ್ಕಾರ ಬಿಡುಗಡೆ ಮಾಡಿದ ವರದಿಯು ಶಿವಗಳೈ ಎಂಬಲ್ಲಿಯ ಕಬ್ಬಿಣವನ್ನು ಕ್ರಿ.ಪೂ. ನಾಲ್ಕನೆಯ ಸಹಸ್ರಮಾನದವರೆಗೆ ಒಯ್ಯುತ್ತದೆ. ಅದು ನಿಂತರೆ ನಾನು ಮೂವತ್ತು ವರ್ಷ ಬೋಧಿಸಿದ ಕಾಲಪಟ್ಟಿಯನ್ನು ನೀವೆಲ್ಲ ಒಮ್ಮೆ ಅಳಿಸಿ ಬರೆದುಕೊಳ್ಳಬೇಕಾಗುತ್ತದೆ. ಬೇಸರವೇನಿಲ್ಲ.

ಮೊರ್ಯ ಎಂಬ ಹೆಸರನ್ನು ಕೇಳಿದ ಕೂಡಲೇ ಮೌರ್ಯರೆಂದು ಹಿಗ್ಗುವವರಿದ್ದಾರೆ. ನನಗೂ ಒಂದು ಕಾಲದಲ್ಲಿ ಆ ಹಿಗ್ಗು ಇತ್ತು. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ಅಶೋಕನ ಶಾಸನಗಳಿವೆ. 1931ರಲ್ಲಿ ಬೆಳಕಿಗೆ ಬಂದವು. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರು ಕಂಡ ಶಾಸನದಿಂದಲೇ ದೇವಾನಾಂಪ್ರಿಯನೆಂದರೆ ಅಶೋಕನೆಂಬುದು ಖಚಿತವಾಯಿತು. ಆದರೂ ಎರಡು ಹೆಸರು ಕಿವಿಗೆ ಒಂದೇ ತೆರನಾಗಿ ಕೇಳಿಸಿದ ಮಾತ್ರಕ್ಕೆ ಸಂಬಂಧ ಕಟ್ಟಬಾರದು. ಗೋರಿ ಕಟ್ಟುವ ಪದ್ಧತಿ ಮೌರ್ಯರಿಗಿಂತ ಎಷ್ಟೋ ಹಿಂದಿನಿಂದ ನಡೆದು ಬಂದದ್ದು. ಅಶೋಕನ ಕಾಲಕ್ಕೆ ಅದು ಇನ್ನೂ ಪೂರ್ತಿ ನಿಂತಿರಲಿಲ್ಲ ಎಂಬುದು ಮಾತ್ರ ಸ್ವಾರಸ್ಯಕರ. ಕಳಿಂಗದ ದೊರೆಯಲ್ಲ, ಮಗಧದ ದೊರೆ ಕಳಿಸಿದ ಧರ್ಮಲಿಪಿಯನ್ನು ಕೊಪ್ಪಳದ ಬಂಡೆಯ ಬಳಿ ಓದಿ ಹೇಳಿದಾಗ, ಕೇಳಲು ನೆರೆದವರಲ್ಲಿ ಇಂಥ ಗೋರಿ ಕಟ್ಟುವ ಮನೆತನದವರೂ ಇದ್ದಿರಬಹುದಲ್ಲವೇ?

ಇನ್ನು ಕಟ್ಟಿದ ಬಗೆ. ಅಂದು ಮಕ್ಕಳ ಕೈಯಲ್ಲಿ ಶಾಲೆಯ ಟೇಪು ಕೊಟ್ಟು ಹೊಂಡದ ಬಳಿಯ ಆ ದೊಡ್ಡ ಗೋರಿಯನ್ನು ಅಳೆಸಿದೆ. ಅಳತೆಗಳು ನನ್ನ ದಿನಚರಿಯಲ್ಲಿವೆ. ಮೇಲಿನ ಚಪ್ಪಡಿ ಉದ್ದ 3 ಮೀಟರು, ಅಗಲ 2.4 ಮೀಟರು, ದಪ್ಪ 0.2 ಮೀಟರು. ಕಿಂಡಿಯ ಅಡ್ಡಳತೆ 50 ಸೆಂಟಿಮೀಟರು. ಅಲ್ಲೇ ಲೆಕ್ಕ ಮಾಡಿಸಿದೆ: ಘನಗಾತ್ರ 1.44 ಘನಮೀಟರು; ಕಣಶಿಲೆ ಘನಮೀಟರಿಗೆ ಸುಮಾರು 2,700 ಕಿಲೋ ಎಂದರೆ ಒಟ್ಟು 3,888 ಕಿಲೋ. ನಮ್ಮ ತರಗತಿಯ ಸಂಖ್ಯೆ 54, ಒಬ್ಬೊಬ್ಬರು ಸರಾಸರಿ 36 ಕಿಲೋ ಎಂದುಕೊಂಡರೆ ಇಡೀ ತರಗತಿಯ ತೂಕ 1,944 ಕಿಲೋ. ಅಂದರೆ ಒಂದು ಚಪ್ಪಡಿ ನಮ್ಮಂಥ ಎರಡು ತರಗತಿಗಳಷ್ಟು ಭಾರ! ಇದನ್ನು ಕೇಳಿ ಹುಡುಗಿಯೊಬ್ಬಳು ಗೋರಿಯ ನೆರಳಿನಿಂದ ಎದ್ದು ದೂರ ಹೋಗಿ ಕುಳಿತಳು. ಪುಣೆಯಿಂದ ಮಾತನಾಡಿದವರು ಅವರೇ.

ಇಷ್ಟು ಭಾರದ ಕಲ್ಲನ್ನು ಕಟ್ಟಿಗೆ, ಹಗ್ಗ, ಸನ್ನೆಗೋಲು, ಮೈಬಲ ಇವಷ್ಟರಿಂದಲೇ ಎತ್ತಿ ಕೂಡಿಸಬೇಕಿತ್ತು. ಈ ಬೆಟ್ಟದ ಕಲ್ಲಿನಲ್ಲಿ ಒಂದು ಅನುಕೂಲವಿದೆ. ಬಿಸಿಲು ಚಳಿಗೆ ಹಾಸುಬಂಡೆಯ ಮೇಲ್ಮೈ ಈರುಳ್ಳಿಯ ಸಿಪ್ಪೆಯಂತೆ ಪದರು ಬಿಡುತ್ತದೆ. ಪದರಿನ ಅಂಚಿಗೆ ಬೆಣೆ ಹೊಡೆದು, ಬೇಕಾದ ಅಳತೆಗೆ ಸೀಳಿಕೊಂಡರೆ ಚಪ್ಪಡಿ ಸಿಗುತ್ತದೆ. ಬೆಂಕಿ ಹಾಕಿ ಕಲ್ಲು ಎಬ್ಬಿಸುವ ಪದ್ಧತಿ ನಮ್ಮ ಒಡ್ಡರಲ್ಲಿ ಮೊನ್ನೆ ಮೊನ್ನೆಯವರೆಗೂ ಇತ್ತು, ನಾನೇ ಚಿಕ್ಕಂದಿನಲ್ಲಿ ನೋಡಿದ್ದೇನೆ. ಎತ್ತುವುದಕ್ಕೆ ಕಲ್ಲುಮಣ್ಣಿನ ಇಳಿಜಾರು ಮಾಡಿಕೊಂಡು ಜಾರಿಸಿರಬೇಕು. ಕಬ್ಬಿಣವಿಲ್ಲದೆ ಆ ಕಿಂಡಿಯಷ್ಟು ಚೆಂದದ ದುಂಡು ತೆಗೆಯುವುದು ಕಷ್ಟ.

ಕಿಂಡಿ ಏತಕ್ಕೆ ಎಂಬುದಕ್ಕೆ ಎರಡು ಉತ್ತರಗಳುಂಟು. ಆತ್ಮ ಹೋಗಿ ಬರಲು ಎಂದು ಕೆಲವರು. ಬಹಳ ವಿದ್ವಾಂಸರು ಒಪ್ಪುವುದು ಇನ್ನೊಂದನ್ನು. ಬ್ರಹ್ಮಗಿರಿಯ ಗೋರಿಗಳಲ್ಲಿ ಇಡೀ ದೇಹವಲ್ಲ, ಬಿಡಿ ಎಲುಬುಗಳು ದೊರೆತವು, ಒಂದೇ ಗೋರಿಯಲ್ಲಿ ಹಲವರ ಎಲುಬು. ಎಂದರೆ ದೇಹವನ್ನು ಮೊದಲು ಬೇರೆ ಕಡೆ ಇಟ್ಟು, ಮಾಂಸ ಕರಗಿದ ಮೇಲೆ ಎಲುಬನ್ನು ಆಯ್ದು ತಂದು ಒಳಗಿಡುತ್ತಿದ್ದರು. ಒಮ್ಮೆ ಕಟ್ಟಿದ ಗೋರಿಯ ಮೇಲ್ಗಲ್ಲನ್ನು ಪ್ರತಿ ಸಾವಿಗೂ ಎತ್ತುವುದು ಆಗದ ಮಾತು. ಆದ್ದರಿಂದ ಕೈ ತೂರುವಷ್ಟು, ಮಡಕೆ ತೂರುವಷ್ಟು ಬಾಗಿಲು. ಇದನ್ನು ಕೇಳಿದಾಗ ನನಗೆ ಗೋರಿಗಳ ಮೇಲಿದ್ದ ಭಯ ಹೋಗಿ ಒಂದು ಬಗೆಯ ಆತ್ಮೀಯತೆ ಹುಟ್ಟಿತು. ಅದು ಒಬ್ಬ ರಾಜನ ಸಮಾಧಿಯಲ್ಲ, ಮನೆತನದ ಮನೆ. ಮುತ್ತಜ್ಜನ ಎಲುಬಿನ ಪಕ್ಕಕ್ಕೆ ಮೊಮ್ಮಗನದು.

1991ರಲ್ಲಿ ನಮ್ಮ ತಂದೆಯವರು ತೀರಿಕೊಂಡರು. ನಮ್ಮಲ್ಲಿ ಕುಳ್ಳಿರಿಸಿ ಸಮಾಧಿ ಮಾಡುವ ಪದ್ಧತಿ. ಓಣಿಯವರೆಲ್ಲ ಬಂದು, ಯಾರೂ ಕರೆಯದೆ, ಸರದಿಯ ಮೇಲೆ ಗುಣಿ ತೋಡಿದರು. ಕೆಳಗೆ ಗೊಚ್ಚು ಸಿಕ್ಕಿ ಹಾರೆ ಮಣಿಯಿತು. ಬೇರೆ ಹಾರೆ ತಂದರು. ನಮಗೂ ಮೊರ್ಯರ ಗುಡ್ಡದವರಿಗೂ ಸಂಪ್ರದಾಯದ ಸಂಬಂಧವಿದೆಯೆಂದು ನಾನು ಹೇಳುತ್ತಿಲ್ಲ, ಹಾಗೆ ಹೇಳಲು ಆಧಾರವಿಲ್ಲ. ಆದರೆ ಎರಡು ತರಗತಿಗಳಷ್ಟು ಭಾರದ ಕಲ್ಲನ್ನು ಜನ ಏಕೆ ಹೊತ್ತರು ಎಂಬ ಪ್ರಶ್ನೆಯನ್ನು ಆಮೇಲೆ ನಾನು ತರಗತಿಯಲ್ಲಿ ಕೇಳುವುದನ್ನು ಬಿಟ್ಟೆ.

ಈಗ ನನ್ನ ತಪ್ಪಿನ ಮಾತು.

ಅಂದು ಮಧ್ಯಾಹ್ನದ ಬುತ್ತಿ ಉಂಡ ಮೇಲೆ ಮಕ್ಕಳಿಗೆ ಆಕಳಿಕೆ ಬರತೊಡಗಿತ್ತು. ಮಡಕೆ, ಕಬ್ಬಿಣ, ಪದರು ಎಂದರೆ ಹದಿನಾಲ್ಕು ವರ್ಷದವರಿಗೆ ಎಷ್ಟು ಹೊತ್ತು ರುಚಿಸೀತು? ಅವರನ್ನು ಎಬ್ಬಿಸಲು ನಾನು ಬಂಗಾರದ ಮಾತು ತೆಗೆದೆ. ತಮಿಳುನಾಡಿನ ತಾಮ್ರಪರ್ಣಿ ನದಿಯ ದಂಡೆಯ ಆದಿಚ್ಚನಲ್ಲೂರಿನಲ್ಲಿ, ಇದೇ ಸಂಸ್ಕೃತಿಗೆ ಹತ್ತಿರದ ಜನರ ಸಮಾಧಿಗಳನ್ನು ನೂರು ವರ್ಷಗಳ ಹಿಂದೆ ಅಲೆಗ್ಸಾಂಡರ್ ರೀ ಎಂಬವರು ಅಗೆದಾಗ ತೆಳುವಾದ ಬಂಗಾರದ ಹಣೆಪಟ್ಟಿಗಳು ಸಿಕ್ಕವೆಂದು ಹೇಳಿದೆ. ಎಲ್ಲರ ಕಣ್ಣೂ ತೆರೆದವು. ಹೇಳಿದ್ದು ಸುಳ್ಳಲ್ಲ. ಆದರೆ ಅರ್ಧ ಹೇಳಿದೆ. ಆದಿಚ್ಚನಲ್ಲೂರಿನವು ನೆಲದಾಳದಲ್ಲಿ ಹೂತ ದೊಡ್ಡ ಮಡಕೆಗಳು. ಹಿರೇಬೆಣಕಲ್ಲಿನ ಗೋರಿಗಳು ಬಹುಮಟ್ಟಿಗೆ ಬೋಳು ಬಂಡೆಯ ಮೇಲೆ ನಿಂತವು. ಅವಕ್ಕೆ ಕೆಳಗೆ ಅಗೆಯಲು ಮಣ್ಣೇ ಇಲ್ಲ. ಎರಡು ಸಾವಿರಕ್ಕೂ ಹೆಚ್ಚು ವರ್ಷ ಗಾಳಿ ಮಳೆಗೆ ತೆರೆದ ಕಿಂಡಿಯೊಳಗೆ ಬಂಗಾರವಿರಲಿ, ಎಲುಬೂ ಉಳಿಯುವುದು ಕಷ್ಟ. ಈ ಮಾತನ್ನು ನಾನು ಹೇಳಲಿಲ್ಲ. ಹೊತ್ತು ಇಳಿಯುತ್ತಿತ್ತು, ಬಸ್ಸಿಗೆ ಹೋಗಬೇಕಿತ್ತು.

1994ರಲ್ಲಿ ಇನ್ನೊಂದು ತಂಡವನ್ನು ಕರೆದುಕೊಂಡು ಹೋಗಲು ನಿಶ್ಚಯಿಸಿದೆ. ಹೋಗುವ ಮುನ್ನಾದಿನ ರಸ್ತೆಬದಿಯ ಚಹಾದ ಅಂಗಡಿಯಲ್ಲಿ ಕುಳಿತಾಗ ಯಾರೋ ಅಪರಿಚಿತರು ಮಾತಾಡುತ್ತಿದ್ದುದು ಕಿವಿಗೆ ಬಿತ್ತು: "ಮೊರ್ಯರ ಮನ್ಯಾಗ ಬಂಗಾರ ಐತಂತ. ಸುಳ್ಳಲ್ಲಪಾ, ಸಾಲಿ ಮಾಸ್ತರ ಹೇಳ್ಯಾರಂತ." ಚಹಾ ಕೈಯಲ್ಲೇ ಆರಿತು. ಮರುದಿನ ಮೇಲೆ ಹೋಗಿ ನೋಡಿದರೆ ಹೊಂಡದ ಬಳಿಯ ಆ ಗೋರಿ ಇರಲಿಲ್ಲ. ಇರಲಿಲ್ಲವೆಂದರೆ ನಿಂತಿರಲಿಲ್ಲ. ಕಿಂಡಿಯ ಚಪ್ಪಡಿ ಕಿಂಡಿಯ ಮಧ್ಯಕ್ಕೇ ಸೀಳಿ ಎರಡು ತುಂಡಾಗಿತ್ತು, ಅರ್ಧಚಂದ್ರದಂಥ ಎರಡು ಹೋಳು. ಮೇಲ್ಗಲ್ಲು ಓರೆಯಾಗಿ ನೆಲ ಕಚ್ಚಿತ್ತು. ಒಳಗಿನ ಹಾಸುಬಂಡೆಯ ಮೇಲೆ ಹಾರೆಯಿಂದ ಕುಟ್ಟಿದ ಬಿಳಿ ಗುರುತುಗಳು. ಬಂಡೆ ಎಂದು ತಿಳಿದ ಮೇಲೂ ಕುಟ್ಟಿದ್ದಾರೆ.

ನಿಧಿಗಳ್ಳರು ನಮ್ಮ ನಾಡಿನಲ್ಲಿ ಹೊಸಬರಲ್ಲ. ಹಂಪಿಯಿಂದ ಹಿಡಿದು ಊರ ಹನುಮಪ್ಪನ ಪೀಠದವರೆಗೆ ಅವರು ಅಗೆಯದ ಜಾಗವಿಲ್ಲ. ಬೇರೆ ಗೋರಿಗಳನ್ನು ನನ್ನ ಪಾಠಕ್ಕೆ ಮುಂಚೆಯೇ ಕೆಡವಿದ್ದರು ಎಂಬುದೂ ನಿಜ. ಚಹಾದ ಅಂಗಡಿಯ ಮಾತಿನ 'ಮಾಸ್ತರ' ನಾನೇ ಎಂದು ಸಾಧಿಸಲು ಸಾಕ್ಷ್ಯವಿಲ್ಲ. ವಿದ್ಯಾರ್ಥಿಗಳನ್ನು ನಾನು ಅಂದೂ ಸಂಶಯಿಸಲಿಲ್ಲ, ಇಂದೂ ಇಲ್ಲ. ಮನೆಗೆ ಹೋಗಿ ಮಗು ಆಡಿದ ಮಾತು ಯಾವ ಕಿವಿ ಸೇರುತ್ತದೆಂದು ಯಾರು ಬಲ್ಲರು? ಇತಿಹಾಸದ ಶಿಕ್ಷಕನಾಗಿ ಸಾಕ್ಷ್ಯವಿಲ್ಲದ್ದನ್ನು ನಂಬಬಾರದೆಂದು ಹೇಳಿಕೊಟ್ಟವನು ನಾನು. ಆದರೂ ಆ ಗೋರಿಯೇ ಏಕೆ? ನಾನೂರರಲ್ಲಿ ನಾವು ಸುತ್ತ ಕುಳಿತು ಬಂಗಾರದ ಕಥೆ ಕೇಳಿದ ಗೋರಿಯೇ ಏಕೆ? ಕುರಿಗಾಹಿ ಅಜ್ಜ "ಕಲ್ಲು ಕದಲಿಸಬಾರದು" ಎಂದು ಹೇಳಿದ ಅದೇ ದಿನ ನಾನು ಬಂಗಾರದ ಮಾತು ಹೇಳಿದೆ. ಅವರ ಮಾತು ಎಷ್ಟೋ ತಲೆಮಾರುಗಳ ಕಾಲ ಆ ಕಲ್ಲುಗಳನ್ನು ಕಾದಿತ್ತು.

ಅಂದಿನ ತಂಡದ ಮಕ್ಕಳಿಗೆ ಆ ಮುರಿದ ಚಪ್ಪಡಿಯ ಮುಂದೆಯೇ ನಿಂತು ಪಾಠ ಮಾಡಿದೆ. ಇಲ್ಲಿ ಬಂಗಾರವಿಲ್ಲ, ಇರುವುದು ಸಾಧ್ಯವೂ ಇಲ್ಲ ಎಂಬುದರಿಂದ ಆರಂಭಿಸಿದೆ. ನಿವೃತ್ತಿಯಾಗುವವರೆಗೆ ಪ್ರತಿ ತಂಡಕ್ಕೂ ಹಾಗೆಯೇ ಮಾಡಿದೆ. ಆದಿಚ್ಚನಲ್ಲೂರಿನ ಹೆಸರನ್ನು ಗುಡ್ಡದ ಮೇಲೆ ಮತ್ತೆ ಎತ್ತಲಿಲ್ಲ. ತರಗತಿಯ ಕೋಣೆಯಲ್ಲಿ, ನಕ್ಷೆ ತೋರಿಸಿ, ಮಣ್ಣಿನಾಳದ ಮಡಕೆಗೂ ಬಂಡೆಯ ಮೇಲಿನ ಗೋರಿಗೂ ಇರುವ ವ್ಯತ್ಯಾಸ ಹೇಳಿ ಆಮೇಲೆ ಹೇಳುತ್ತಿದ್ದೆ.

2021ರಲ್ಲಿ ಹಿರೇಬೆಣಕಲ್ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ತಾತ್ಕಾಲಿಕ ಪಟ್ಟಿಯೆಂದರೆ ಅಭ್ಯರ್ಥಿಯಾಗಲು ಅರ್ಹತೆ, ಉತ್ತೀರ್ಣವಾದಂತಲ್ಲ. ಆದರೂ ಸುದ್ದಿ ಓದಿದಾಗ ಸಂತೋಷವಾಯಿತು. ಕಳೆದ ಬಾರಿ ನಾನು ಹೋಗಿ ಬಂದಾಗ ಮಂಡಿ ನೋವಿನಿಂದ ಚಿತ್ರಗಳಿರುವ ಕಲ್ಲಾಸರೆಯವರೆಗೆ ಮಾತ್ರ ಏರಲು ಸಾಧ್ಯವಾಯಿತು. ನನ್ನ ಕೈ ಹಿಡಿದು ಏರಿಸಿದವರು ಆ ಒಲೆಯ ಪ್ರಶ್ನೆ ಕೇಳಿದ ಹುಡುಗ. ಈಗ ಐವತ್ತರ ಆಸುಪಾಸು, ಊರಲ್ಲೇ ಒಕ್ಕಲುತನ, ತಲೆ ನರೆತಿದೆ. "ನೀವಿಲ್ಲೆ ಕೂಡ್ರಿ ಸರ, ನಾ ಮ್ಯಾಲೆ ಹೋಗಿ ನೋಡಿ ಬರ್ತೀನಿ" ಎಂದು ಹೋಗಿ, ಅರ್ಧ ಗಂಟೆಯ ಮೇಲೆ ಬಂದು, "ಎರಡೂ ಹೋಳು ಅಲ್ಲೇ ಅದಾವ್ರಿ ಸರ" ಎಂದರು. ನಾನು ಅದನ್ನೇ ಕೇಳಬೇಕೆಂದಿದ್ದೇನೆಂದು ಅವರಿಗೆ ಹೇಗೆ ತಿಳಿಯಿತೋ!

ಈ ಬರಹವನ್ನು ಓದುತ್ತಿರುವ 1989-90ನೆಯ ಸಾಲಿನ ಒಂಬತ್ತನೆಯ ತರಗತಿಯವರಲ್ಲಿ ಒಂದು ವಿನಂತಿ. ಅಂದು ನಿಮ್ಮಲ್ಲಿ ಒಬ್ಬರು ಸೋದರಮಾವನ ಕ್ಯಾಮೆರಾ ತಂದಿದ್ದರು. ಬುತ್ತಿ ಉಂಡ ಮೇಲೆ ಹೊಂಡದ ಬಳಿಯ ಗೋರಿಯ ಮುಂದೆ ಎಲ್ಲರನ್ನೂ ಮೂರು ಸಾಲಾಗಿ ನಿಲ್ಲಿಸಿ ಎರಡು ಫೋಟೋ ತೆಗೆದದ್ದು ನನಗೆ ಚೆನ್ನಾಗಿ ನೆನಪಿದೆ. ಪ್ರತಿಗಳನ್ನು ಕೆಲವರು ಒಂದೂವರೆ ರೂಪಾಯಿ ಕೊಟ್ಟು ಮಾಡಿಸಿಕೊಂಡಿರಿ. ನನ್ನ ಪ್ರತಿ ಮನೆ ಬದಲಿಸುವಾಗ ಕಳೆದುಹೋಯಿತು. ಆ ಗೋರಿ ನಿಂತಿದ್ದುದಕ್ಕೆ ನನ್ನ ಬಳಿ ಉಳಿದಿರುವುದು ದಿನಚರಿಯ ಆರು ಅಳತೆಗಳು ಮಾತ್ರ. ತವರುಮನೆಯ ಟ್ರಂಕಿನಲ್ಲಿಯೋ, ಹಳೆಯ ಆಲ್ಬಮ್ಮಿನಲ್ಲಿಯೋ ನೋಡಿರಿ. ಮುಖಗಳು ಮಾಸಿದ್ದರೂ ಅಡ್ಡಿಯಿಲ್ಲ, ಹಿಂದಿನ ಕಿಂಡಿ ಕಾಣಿಸಿದರೆ ಸಾಕು.